ಮನೆಯಲ್ಲೇ ಕಟ್ಟಿದ ಕರೆಂಟ್ ಬೈಕಿಗೆ ಲಿಥಿಯಂ ಬ್ಯಾಟರಿ: ಕಲಬುರಗಿಯ ಕಪನೂರಿನ ಒಂದು ವರ್ಕ್‌ಶಾಪ್ ಮಾಡಿಕೊಟ್ಟ ಕೆಲಸ

ಮೊದಲೇ ಹೇಳಿಬಿಡುತ್ತೇನೆ. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದ್ದರಿಂದ ನನ್ನ ಗಾಡಿ ಪೂರ್ತಿ ಬೇರೆಯೇ ಆಗಿದೆ. ಖರ್ಚು ಜಾಸ್ತಿಯೇ ಆಯಿತು, ಆದರೆ ಅದರಲ್ಲಿ ಒಂದು ರೂಪಾಯಿಯೂ ದಂಡ ಅನ್ನಿಸಿಲ್ಲ. ಅದಕ್ಕೆ ಸೆಲ್‌ಗಳು ಎಷ್ಟು ಕಾರಣವೋ, ಅವನ್ನು ಪರೀಕ್ಷೆ ಮಾಡಿ ಜೋಡಿಸಿದವರೂ ಅಷ್ಟೇ ಕಾರಣ. ಸೆಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಜೋಡಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ. ಹಾಗಾಗಿ ಆ ಭಾಗವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನನ್ನ ಕಸುಬು ಪಂಪ್‌ಸೆಟ್ ಮೋಟರ್ ವೈಂಡಿಂಗ್. ಹೊಲ ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ. ಮೇಲಿನ ಹೊಲದಲ್ಲಿ ತೊಗರಿ, ಹಳ್ಳದ ಪಕ್ಕ ಕೆಂಪು ಬಾಳೆ. ಮನೆಯಿಂದ ಮೇಲಿನ ಹೊಲ, ಅಲ್ಲಿಂದ ಬಾವಿ, ಬಾವಿಯಿಂದ ಬಾಳೆ ತೋಟ, ದಿನವಿಡೀ ಇದೇ ಓಡಾಟ. ಇದಕ್ಕೆಂದೇ ಹಳೆಯ 100 ಸಿಸಿ ಬೈಕಿನ ಚಾಸಿಗೆ 2000 ವ್ಯಾಟ್‌ನ ಹಬ್ ಮೋಟರ್ (ಚಕ್ರದ ಒಳಗೇ ಇರುವ ಮೋಟರ್) ಕೂರಿಸಿ ಗಾಡಿ ಕಟ್ಟಿದೆ. ಆ ಬೈಕಿನಲ್ಲಿ ಎಂಜಿನ್ನೇ ಚಾಸಿಗೆ ಬಲ ಕೊಡುತ್ತಿತ್ತು. ಅದನ್ನು ತೆಗೆದ ಮೇಲೆ ಕೆಳಗೆ ಸ್ಕ್ವೇರ್ ಪೈಪಿನಲ್ಲಿ ಒಂದು ತೊಟ್ಟಿಲು ವೆಲ್ಡ್ ಮಾಡಿಸಿ, ಬ್ಯಾಟರಿಯನ್ನು ಅದರಲ್ಲಿಟ್ಟೆ. ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ 48 ವೋಲ್ಟಿನದು, 45 ಆಂಪಿಯರ್‌ವರೆಗೆ ಎಳೆಯುತ್ತದೆ.

ಇಲ್ಲಿ ಒಂದು ಮಾತು. ಈ ಗಾಡಿ ಹೊಲದ ದಾರಿ ಬಿಟ್ಟು ರೋಡಿಗೆ ಬರುವುದಿಲ್ಲ. ಮೋಟರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ರಿಜಿಸ್ಟ್ರೇಶನ್ ಬೇಡ ಅಂತ ನಿಯಮ. ಅದಕ್ಕಿಂತ ದೊಡ್ಡದಾದರೆ ಮಾನ್ಯತೆ ಪಡೆದ ಕಿಟ್ಟೇ ಹಾಕಿಸಬೇಕು, ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ಬರೆದುಕೊಡಬೇಕು. ರೋಡಿನಲ್ಲಿ ಓಡಿಸುವ ಆಸೆ ಇದ್ದವರು ಮೊದಲು ಆ ದಾರಿ ನೋಡಿಕೊಳ್ಳಿ.

ಹಳೆಯ ಬ್ಯಾಟರಿ ಅಂದರೆ 12 ವೋಲ್ಟ್ 32 ಎಎಚ್‌ನ (ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರ್ ಎಳೆದರೆ 32 ತಾಸು) ನಾಲ್ಕು ಸೀಸದ ಬ್ಯಾಟರಿಗಳು. ನಾಲ್ಕೂ ಸೇರಿ 40 ಕಿಲೋ ಹತ್ತಿರ. ಕಾಗದದ ಮೇಲೆ ಒಂದೂವರೆ ಯೂನಿಟ್ ಕರೆಂಟು ಹಿಡಿಯುತ್ತವೆ. ಆದರೆ ಸೀಸದ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಅದು ಕೊಡುವುದು ಕಡಿಮೆ. ನಿಧಾನಕ್ಕೆ ಎಳೆದರೆ 32 ಎಎಚ್ ಸಿಕ್ಕೀತು. 45 ಆಂಪಿಯರ್ ಎಳೆದರೆ ಅರ್ಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹಳ್ಳದಿಂದ ಮನೆ ಕಡೆ ಬರುವ ಏರಿನಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ನಿಂತಾಗ 51 ವೋಲ್ಟ್ ತೋರಿಸುವ ಮೀಟರು, ಹಿಂದೆ ಎರಡು ಬಾಳೆಗೊನೆ ಕಟ್ಟಿಕೊಂಡು ಏರು ಹತ್ತುವಾಗ 43ಕ್ಕೆ ಇಳಿಯುತ್ತಿತ್ತು. ಸಂಜೆ ಹೊತ್ತಿಗೆ ಗಾಡಿಗೆ ದಮ್ಮೇ ಇರುತ್ತಿರಲಿಲ್ಲ. ಒಂದೂವರೆ ವರ್ಷ ಆಗುವಷ್ಟರಲ್ಲಿ ನಾಲ್ಕರಲ್ಲಿ ಒಂದು ಬ್ಯಾಟರಿ ಪೂರ್ತಿ ಸೋತಿತು.

ಲಿಥಿಯಂ ಅಂದಾಕ್ಷಣ ಮನೆಯಲ್ಲಿ ಎಲ್ಲರೂ ಕೇಳಿದ್ದು ಬೆಂಕಿಯ ಬಗ್ಗೆ. ಕೇಳಲೇಬೇಕಾದ ಪ್ರಶ್ನೆ ಅದು. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಉರಿದುಹೋದವು. ಅದರ ಬೆನ್ನಿಗೇ ಸರ್ಕಾರ ಬ್ಯಾಟರಿ ಪರೀಕ್ಷೆಯ ಎಐಎಸ್-156 ನಿಯಮ ಬಿಗಿ ಮಾಡಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ, ಎರಡು ಹಂತದಲ್ಲಿ ಜಾರಿಗೆ ಬಂತು. ಕಂಪನಿ ಗಾಡಿಗಳ ಬ್ಯಾಟರಿ ಆ ಪರೀಕ್ಷೆ ಪಾಸಾಗಿ ಬರುತ್ತದೆ. ನಾವು ಕಟ್ಟಿಸಿಕೊಳ್ಳುವ ಬ್ಯಾಟರಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಅದಕ್ಕೇ ಯಾವ ಸೆಲ್, ಯಾರ ಕೈಯಲ್ಲಿ ಕಟ್ಟಿಸುವುದು ಅನ್ನೋದು ನಮಗೆ ಇನ್ನೂ ಮುಖ್ಯ.

ಸೆಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್, ಹಗುರ, ಚಿಕ್ಕ ಜಾಗದಲ್ಲಿ ಜಾಸ್ತಿ ಕರೆಂಟು ಹಿಡಿಯುತ್ತದೆ. ಆದರೆ ಕಾವು ಮಿತಿ ಮೀರಿದರೆ ಅದು ಬೇಗ ಕೈ ಮೀರುತ್ತದೆ, ಉರಿಯುವಾಗ ಒಳಗಿನಿಂದಲೇ ಆಮ್ಲಜನಕ ಬಿಡುತ್ತದೆ. ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಇರುವ ಸೆಲ್, ಸ್ವಲ್ಪ ಭಾರ. ಅದರಲ್ಲಿ ಆಮ್ಲಜನಕ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಉರಿಯುವುದೇ ಇಲ್ಲ ಅಂತಲ್ಲ, ಆದರೆ ತಾಳಿಕೊಳ್ಳುವ ಶಕ್ತಿ ಜಾಸ್ತಿ. ಬಾಳಿಕೆಯೂ ಜಾಸ್ತಿ. ಸೀಸದ ಬ್ಯಾಟರಿ ಪೂರ್ತಿ ಬಳಸಿದರೆ 300ರಿಂದ 500 ಸಲದ ಚಾರ್ಜಿಗೆ ಸೋಲುತ್ತದೆ. ಒಳ್ಳೆಯ ಎಲ್‌ಎಫ್‌ಪಿ 2000 ಸಲ ದಾಟುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು ಅನ್ನೋದು ಅದರ ದೊಡ್ಡ ದೋಷ. ಕಲಬುರಗಿಯವರಿಗೆ ಆ ಚಿಂತೆ ಇಲ್ಲ. ನಮ್ಮ ಚಿಂತೆ ಏನಿದ್ದರೂ ಏಪ್ರಿಲ್, ಮೇ ತಿಂಗಳ 42, 43 ಡಿಗ್ರಿಯದು. ಆ ಬಿಸಿಲಿಗೆ ನಾನು ಎಲ್‌ಎಫ್‌ಪಿ ಬಿಟ್ಟು ಬೇರೆ ಯೋಚನೆ ಮಾಡಲಿಲ್ಲ.

ಈ ಸೆಲ್‌ನ ಬೇರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದೆ. ಜಾನ್ ಗುಡ್‌ಇನಫ್ ಅವರ ಲ್ಯಾಬಿನಿಂದ 1997ರಲ್ಲಿ ಬಂದ ಲೇಖನದಲ್ಲಿ ಈ ವಸ್ತುವಿನ ವಿಷಯ ಇದೆ. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು, ಆಗ ಅವರಿಗೆ 97 ವರ್ಷ. ಆ ಲೇಖನದ ಮೇಲೆ ಅವರ ಜೊತೆ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಅನ್ನೋ ಹೆಸರುಗಳೂ ಇವೆ. ಆ ಹೆಸರು ಓದಿ ನನಗೆ ತುಂಬಾ ಖುಷಿಯಾಯಿತು. ಅದಕ್ಕೇ ಇಲ್ಲಿ ಬರೆದೆ.

ಈಗ ವರ್ಕ್‌ಶಾಪಿಗೆ ಬರೋಣ. ಹುಮನಾಬಾದ್ ರೋಡಿನ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಶೆಡ್ಡು. ಇಬ್ಬರೇ ಕೆಲಸ ಮಾಡುತ್ತಾರೆ. ಒಬ್ಬ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ ಹುಡುಗ, ಇನ್ನೊಬ್ಬರು ಪೆಟ್ಟಿಗೆ, ಬ್ರಾಕೆಟ್ ಎಲ್ಲ ಕಟ್ಟುವ ವಯಸ್ಸಾದ ಭಾಯ್. ಅವರ ಮುಖ್ಯ ಕೆಲಸ ಇ-ರಿಕ್ಷಾ ಮತ್ತು ಸೋಲಾರ್ ಬ್ಯಾಟರಿ. ಬೋರ್ಡಿನಲ್ಲಿ ಬೈಕ್ ಅಂತ ಬರೆದೇ ಇಲ್ಲ. ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಹೋದೆ. ಹುಡುಗ ಮೊದಲು ಬ್ಯಾಟರಿ ಕಡೆ ನೋಡಲೇ ಇಲ್ಲ. ಕಂಟ್ರೋಲರ್ ಮೇಲಿನ ಲೇಬಲ್ ಒರೆಸಿ ಓದಿಕೊಂಡ. ಎಷ್ಟು ಆಂಪಿಯರ್, ಎಷ್ಟು ವೋಲ್ಟಿಗೆ ಕಟ್ ಆಗುತ್ತದೆ ಅಂತ ಬರೆದುಕೊಂಡ. ಕವರ್ ಬಿಚ್ಚಿಸಿ, ಒಳಗಿನ ಕೆಪಾಸಿಟರ್ ಮೇಲೆ, ಅದು ತಡೆಯುವ ಮಿತಿ 63 ವೋಲ್ಟ್ ಅಂತ ಇರುವುದನ್ನು ನನಗೂ ತೋರಿಸಿದ. ಅಲ್ಲೇ ನನಗೆ ನಂಬಿಕೆ ಬಂತು.

ಆ 63 ಯಾಕೆ ಮುಖ್ಯ ಅಂದರೆ, ಎಲ್‌ಎಫ್‌ಪಿ ಸೆಲ್ ಒಂದಕ್ಕೆ ಸಾಮಾನ್ಯವಾಗಿ 3.2 ವೋಲ್ಟ್, ಪೂರ್ತಿ ತುಂಬಿದಾಗ 3.65. ಹದಿನಾರು ಸೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಬರುವ ಹಾಗೆ ಜೋಡಿಸಿದರೆ 51.2 ವೋಲ್ಟ್, ತುಂಬಿದಾಗ 58.4. ನಾಲ್ಕು ಸೀಸದ ಬ್ಯಾಟರಿ ಚಾರ್ಜ್ ಆಗುವಾಗಲೂ ಹೆಚ್ಚು ಕಡಿಮೆ ಅಷ್ಟೇ ಏರುತ್ತವೆ. ಅಂದರೆ ಹದಿನಾರು ಸೆಲ್ ಹಾಕಿದರೆ ಹಳೆಯ ಕಂಟ್ರೋಲರ್ರೇ ಸಾಕು, ಮೋಟರೂ ಅದೇ. ಸ್ಪೀಡ್ ಬೇಕು ಅಂತ ಇಪ್ಪತ್ತು ಸೆಲ್ ಹಾಕಿದರೆ 73 ವೋಲ್ಟ್ ಆಗುತ್ತದೆ, ಆ ಕೆಪಾಸಿಟರ್ ತಡೆಯುವುದಿಲ್ಲ. ಮೊದಲೇ ನೋಡದೆ ಸೆಲ್ ಕೊಂಡವರಿಗೆ ಕಂಟ್ರೋಲರ್ ಖರ್ಚೂ ಮೈಮೇಲೆ ಬರುತ್ತದೆ.

ಸೆಲ್‌ಗಳದ್ದು ಒಂದು ಕಥೆ. ನನ್ನ ತಂಗಿಯ ಮಗ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 50 ಎಎಚ್ ಅಂತ ಬರೆದ ಹದಿನಾರು ಸೆಲ್ ತರಿಸಿದ್ದ. ನೀಲಿ ಕವರ್ ಹೊಸದಾಗಿ ಹೊಳೆಯುತ್ತಿತ್ತು. ರೇಟು ಕಡಿಮೆ. ವರ್ಕ್‌ಶಾಪಿನ ಹುಡುಗ ಒಂದನ್ನು ಕೈಗೆತ್ತಿಕೊಂಡು ಮೇಲಿನ ಕ್ಯೂಆರ್ ಕೋಡ್ ನೋಡಿದ. ಅದನ್ನು ಕೆರೆದು ತೆಗೆದಿದ್ದರು. ತುದಿಯ ಸ್ಟಡ್ ಪಕ್ಕ ಹಳೆಯ ವೆಲ್ಡಿಂಗ್ ಗುರುತು ಇತ್ತು. ಆದರೂ ಸುಮ್ನೆ ಬೇಡ ಅನ್ನಲಿಲ್ಲ. ಮೂರು ಸೆಲ್ ಆರಿಸಿ, ಪೂರ್ತಿ 3.65ಕ್ಕೆ ತುಂಬಿಸಿ, ಲೋಡ್ ಮಷೀನಿಗೆ ಹಾಕಿ 25 ಆಂಪಿಯರ್‌ನಲ್ಲಿ 2.5 ವೋಲ್ಟ್‌ವರೆಗೆ ಇಳಿಸಿದ. 50 ಎಎಚ್ ಇದ್ದಿದ್ದರೆ ಎರಡು ತಾಸು ನಡೆಯಬೇಕು. ಒಂದೂವರೆ ತಾಸಿಗೇ ಮುಗಿಯಿತು. ಮೂರೂ 35ರಿಂದ 38 ಎಎಚ್ ಒಳಗೆ ಬಂದವು, ಒಂದರ ಹಾಗೆ ಒಂದಿಲ್ಲ.

"ಕಾಕಾ, ಇವು ಬಳಸಿ ಬಿಟ್ಟ ಸೆಲ್ ಅದಾವ್ರಿ. ಇವನ್ನ ನಾ ಕಟ್ಟಂಗಿಲ್ರಿ," ಅಂದ.

"ತಮ್ಮಾ, ಕೂಲಿ ಪೂರ್ತಿ ಕೊಡ್ತೀನಿ, ಹೊಲದಾಗ ಅಷ್ಟೇ ಓಡ್ಸೋದು," ಅಂತ ನನ್ನ ಅಳಿಯನ ಪರವಾಗಿ ನಾನೂ ಒಂದು ಮಾತು ಹೇಳಿ ನೋಡಿದೆ.

"ಕೂಲಿ ಮಾತಲ್ರಿ ಕಾಕಾ. ನಾಳೆ ಏನರ ಆದ್ರ, ಮನ್ಯಾಗ ಮಕ್ಕಳಿರ್ತಾವ," ಅಂದ. ಪರೀಕ್ಷೆಯ ದುಡ್ಡೂ ತೆಗೆದುಕೊಳ್ಳಲಿಲ್ಲ. ಲೋಡ್ ಮಷೀನಿನ ರೀಡಿಂಗನ್ನು ಫೋಟೊ ತೆಗೆದು ಕೊಟ್ಟ. ಅದನ್ನು ಹಿಡಿದು ಜಗಳ ಮಾಡಿದ ಮೇಲೆ ಆ ಮಾರಾಟಗಾರ ಬಹಳ ದಿನ ಸತಾಯಿಸಿ ಅರ್ಧ ದುಡ್ಡು ವಾಪಸ್ ಹಾಕಿದ. ಕೈಗೆ ಬಂದ ಕೆಲಸವನ್ನು ಬೇಡ ಅನ್ನುವವರು ಎಷ್ಟು ಜನ ಇದ್ದಾರೆ ಹೇಳಿ? ನನ್ನ ಲೆಕ್ಕದಲ್ಲಿ ಈ ವರ್ಕ್‌ಶಾಪಿಗೆ ಪೂರ್ತಿ ಅಂಕ ಸಿಗುವುದು ಇದೊಂದಕ್ಕೇ.

ಆಮೇಲೆ ಅವರೇ ಹೈದರಾಬಾದಿನಿಂದ ಹೊಸ ಸೆಲ್ ತರಿಸಿದರು. ಬಿಲ್ಲಿನ ಜೊತೆ ಬಂತು, 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ. ಕ್ಯೂಆರ್ ಕೋಡ್ ಸ್ಪಷ್ಟ ಇತ್ತು. ಪ್ರತಿ ಸೆಲ್‌ನ ವೋಲ್ಟೇಜು ಮತ್ತು ಒಳಗಿನ ರೆಸಿಸ್ಟೆನ್ಸ್ ನನ್ನೆದುರೇ ಅಳೆದು, ಮಾರ್ಕರ್‌ನಿಂದ ಸೆಲ್ ಮೇಲೇ ಬರೆದರು. ಎಲ್ಲವೂ ಒಂದು ಮಿಲಿ ಓಮ್‌ಗಿಂತ ಕೆಳಗೆ, ಒಂದಕ್ಕೊಂದು ಹತ್ತಿರ. ಸೀರೀಸ್‌ನಲ್ಲಿ ಕಟ್ಟಿದ ಸೆಲ್‌ಗಳು ನೊಗಕ್ಕೆ ಹೂಡಿದ ಎತ್ತುಗಳಿದ್ದ ಹಾಗೆ. ಒಂದು ಕುಂಟಿದರೆ ಉಳಿದವು ಎಷ್ಟು ಗಟ್ಟಿ ಇದ್ದರೂ ಗಾಡಿ ಮುಂದೆ ಹೋಗುವುದಿಲ್ಲ.

ಹಾಗಾಗದಂತೆ ಎಲ್ಲ ಸೆಲ್‌ಗಳಲ್ಲೂ ಒಂದೇ ಮಟ್ಟಕ್ಕೆ ಚಾರ್ಜ್ ತುಂಬಿಸಿ ಸಮ ಮಾಡುವ ಕೆಲಸ ನಾನು ಪಕ್ಕದಲ್ಲೇ ಕೂತು ನೋಡಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಹದಿನಾರನ್ನೂ ಸೀರೀಸ್‌ನಲ್ಲಿ ಜೋಡಿಸಿ, ಬಿಎಂಎಸ್ (ಪ್ರತಿ ಸೆಲ್ ಕಾಯುವ, ಮಿತಿ ಮೀರಿದರೆ ಕಟ್ ಮಾಡುವ ಬೋರ್ಡು) ಹಾಕಿ, ಚಾರ್ಜರ್‌ನಿಂದ ಮುಕ್ಕಾಲಿಗಿಂತ ಜಾಸ್ತಿ ತುಂಬಿಸಿದರು. ಆಮೇಲೆ ಎಲ್ಲ ಬಿಚ್ಚಿದರು. ಟೇಬಲ್ ಮೇಲೆ ಹಾಸಿದ ರಬ್ಬರ್ ಶೀಟಿನ ಮೇಲೆ ಪ್ಲಸ್ ಎಲ್ಲ ಒಂದು ಕಡೆ, ಮೈನಸ್ ಎಲ್ಲ ಇನ್ನೊಂದು ಕಡೆ ಬರುವ ಹಾಗೆ ಸಾಲಾಗಿ ಇಟ್ಟು, ತಾಮ್ರದ ಪಟ್ಟಿಯಿಂದ ಪ್ಯಾರಲಲ್ ಜೋಡಿಸಿದರು. ಅದಕ್ಕೂ ಮುಂಚೆ ಭಾಯ್ ತಮ್ಮ ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ನನ್ನ ಕೈಗಡಿಯಾರವನ್ನೂ ತೆಗೆಸಿದರು. ಸ್ಪ್ಯಾನರ್‌ಗಳಿಗೆ ಬಾಯಿ ಮಾತ್ರ ಬಿಟ್ಟು ಪೂರ್ತಿ ಟೇಪ್ ಸುತ್ತಿತ್ತು. 3 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸ್ಪ್ಯಾನರ್ ಅಡ್ಡ ಬಿದ್ದು ಶಾರ್ಟ್ ಆದರೆ ಸಾವಿರ ಆಂಪಿಯರ್ ಮೀರಿ ಹರಿಯಬಹುದು. ಕಬ್ಬಿಣ ಕೆಂಪಗಾಗುತ್ತದೆ, ಉಂಗುರ ಇದ್ದರೆ ಬೆರಳೇ ಸುಡುತ್ತದೆ. ಕೊನೆಗೆ ಪವರ್ ಸಪ್ಲೈಯನ್ನು ಸರಿಯಾಗಿ 3.65ಕ್ಕೆ ಇಟ್ಟು ಬಿಟ್ಟರು. ಮೊದಲು 10 ಆಂಪಿಯರ್ ಹೋಗುತ್ತಿದ್ದದ್ದು ಮರುದಿನ ಮಧ್ಯಾಹ್ನಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಆಗ ಬಂದ್ ಮಾಡಿದರು.

ಬಿಎಂಎಸ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ನಾನೂ ಕೇಳಿದೆ. ಹುಡುಗ ಲೆಕ್ಕ ಹಾಕಿ ತೋರಿಸಿದ. ಸಾಮಾನ್ಯ ಬಿಎಂಎಸ್ ಒಂದು ಸೆಲ್ ಸಮ ಮಾಡಲು ಹರಿಸುವುದು 50 ಮಿಲಿ ಆಂಪಿಯರ್ ಆಸುಪಾಸು. ಎರಡು ಎಎಚ್ ವ್ಯತ್ಯಾಸ ಇದ್ದರೆ ಅದನ್ನು ಸರಿ ಮಾಡಲು 40 ತಾಸು ಬೇಕು. ಅದೂ ಸೆಲ್ ಹೆಚ್ಚು ಕಡಿಮೆ ಪೂರ್ತಿ ತುಂಬಿ ನಿಂತ ಹೊತ್ತಿನಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ದಿನಕ್ಕೆ ಅರ್ಧ ತಾಸು ಸಿಕ್ಕರೆ ತಿಂಗಳುಗಟ್ಟಲೆ ಆಯಿತು, ಅಲ್ವಾ? ಶುರುವಿನಲ್ಲೇ ಸಮ ಮಾಡಿ ಕೊಟ್ಟರೆ ಬಿಎಂಎಸ್‌ಗೆ ಚಿಕ್ಕಪುಟ್ಟ ವ್ಯತ್ಯಾಸ ನೋಡಿಕೊಳ್ಳುವ ಕೆಲಸ ಅಷ್ಟೇ ಉಳಿಯುತ್ತದೆ. ಬೇರೆ ಕಡೆ ಕಟ್ಟಿಸುವವರು ಈ ಒಂದು ಪ್ರಶ್ನೆ ತಪ್ಪದೆ ಕೇಳಿ: ಜೋಡಿಸುವ ಮುಂಚೆ ಸೆಲ್‌ಗಳನ್ನು ಪ್ಯಾರಲಲ್ ಇಟ್ಟು ಸಮ ಮಾಡುತ್ತೀರಾ? ಇಲ್ಲ ಅಂದರೆ ಮುಂದಿನ ಅಂಗಡಿ ನೋಡಿ.

ಕಟ್ಟುವ ರೀತಿಯೂ ಅಚ್ಚುಕಟ್ಟು. ಈ ಚೌಕದ ಸೆಲ್‌ಗಳ ಹೊರಮೈ ಅಲ್ಯುಮಿನಿಯಂ, ಅದಕ್ಕೂ ಪ್ಲಸ್ಸಿಗೂ ಒಳಗೆ ಸಂಬಂಧ ಇರುತ್ತದೆ. ನೀಲಿ ಕವರ್ ಉಜ್ಜಿ ಹರಿದರೆ ಪಕ್ಕದ ಸೆಲ್‌ಗೆ ತಗುಲುತ್ತದೆ. ಹಾಗಾಗಿ ಎರಡು ಸೆಲ್ ನಡುವೆ ಎಪಾಕ್ಸಿ ಶೀಟು. ಎರಡೂ ತುದಿಗೆ ಗಟ್ಟಿ ಪ್ಲೇಟ್ ಇಟ್ಟು, ಉದ್ದ ಬೋಲ್ಟಿನಿಂದ ಹದವಾಗಿ ಒತ್ತಿ ಹಿಡಿದಿದ್ದಾರೆ. ಚಾರ್ಜ್ ಆಗುವಾಗ ಸೆಲ್ ತುಸು ಉಬ್ಬುತ್ತದೆ, ಒತ್ತಿ ಹಿಡಿದರೆ ಬಾಳಿಕೆ ಜಾಸ್ತಿ. ಸೆಲ್‌ನಿಂದ ಸೆಲ್‌ಗೆ ದಪ್ಪ ತಾಮ್ರದ ಪಟ್ಟಿ ಹಾಕದೆ, ತಾಮ್ರದ ಎಳೆ ಹೆಣೆದ ಮೆತ್ತನೆಯ ಪಟ್ಟಿ ಹಾಕಿದ್ದಾರೆ. ಬಂಡೆಗಲ್ಲಿನ ದಾರಿಯಲ್ಲಿ ಗಾಡಿ ಕುಣಿಯುವಾಗ ಗಟ್ಟಿ ಪಟ್ಟಿ ಸೆಲ್‌ನ ಸ್ಟಡ್ಡನ್ನೇ ಜಗ್ಗುತ್ತದೆ. ನಟ್ಟುಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿದು, ಪ್ರತಿಯೊಂದರ ಮೇಲೂ ಬಣ್ಣದ ಗೆರೆ ಎಳೆದಿದ್ದಾರೆ. ಸಡಿಲಾದರೆ ಗೆರೆ ಸರಿದು ಕಾಣುತ್ತದೆ. ವೈಂಡಿಂಗ್ ಕೆಲಸ ಮಾಡುವ ನನಗೆ ಈ ಗೆರೆ ಬಹಳ ಹಿಡಿಸಿತು. ಮೋಟರ್ ಸುಡುವುದು ಎಷ್ಟೋ ಸಲ ಸಡಿಲ ಟರ್ಮಿನಲ್‌ನಿಂದಲೇ.

ಬಿಎಂಎಸ್ ಜೆಬಿಡಿ ಕಂಪನಿಯದು, 100 ಆಂಪಿಯರ್, ಬ್ಲೂಟೂತ್ ಇರುವಂಥದ್ದು. ಕಂಟ್ರೋಲರ್ ಎಳೆಯುವುದು 45, ಆದರೂ ದುಪ್ಪಟ್ಟು ಇಟ್ಟರೆ ಕಾವು ಏರುವುದಿಲ್ಲ. ಮೊಬೈಲಿನಲ್ಲಿ ಹದಿನಾರು ಸೆಲ್‌ನ ವೋಲ್ಟೇಜೂ ಬೇರೆ ಬೇರೆ ಕಾಣುತ್ತದೆ. ಏರು ಹತ್ತುವಾಗ ಎಲ್ಲಕ್ಕಿಂತ ಮೇಲಿನ ಸೆಲ್‌ಗೂ ಕೆಳಗಿನ ಸೆಲ್‌ಗೂ ವ್ಯತ್ಯಾಸ 0.02 ವೋಲ್ಟ್ ಒಳಗೇ ಇರುತ್ತದೆ. ಸೆಲ್ ಆರಿಸಿದ್ದು, ಸಮ ಮಾಡಿದ್ದು ಎರಡೂ ಸರಿ ಇವೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಟ್ ಆಗುವ ಹಂತಗಳನ್ನೂ ಯೋಚನೆ ಮಾಡಿ ಇಟ್ಟಿದ್ದಾರೆ. ಬಿಎಂಎಸ್ ಕಟ್ ಮಾಡಿದರೆ ಗಾಡಿ ಒಮ್ಮೆಲೇ ಸತ್ತುಹೋಗುತ್ತದೆ. ಏರಿನ ಮಧ್ಯೆ, ಹಿಂದೆ ತೂಕ ಇರುವಾಗ ಹಾಗಾಗಬಾರದು. ಅದಕ್ಕೆ ಮೊದಲು 48 ವೋಲ್ಟಿಗೆ ಬಜರ್ ಕೂಗುತ್ತದೆ. ಆಮೇಲೆ 42ಕ್ಕೆ ಕಂಟ್ರೋಲರ್ ಕಟ್. ಬಿಎಂಎಸ್ ಯಾವುದಾದರೂ ಒಂದು ಸೆಲ್ ತೀರಾ ಕೆಳಗಿಳಿದರೆ ಮಾತ್ರ ಕೈ ಹಾಕುವ ಕೊನೆಯ ಕಾವಲು.

ಫ್ಯೂಸ್ ವಿಷಯದಲ್ಲಿ ಹುಡುಗ ಹಟ ಹಿಡಿದ. ನಾನು ಹಳೆಯ ಗಾಡಿಗೆ ಮನೆಯ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಹಾಕಿದ್ದೆ. ನಮ್ಮ ಕಡೆ ಎಲ್ಲರೂ ಅದನ್ನೇ ಹಾಕುತ್ತಾರೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಎಂಸಿಬಿ ಬಿಚ್ಚಿಕೊಂಡಾಗ ಬರುವ ಕಿಡಿ ಆ ಹೊತ್ತಿಗೆ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟು ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಹಾಗೇ ಉರಿಯುತ್ತಾ ಎಂಸಿಬಿಯನ್ನೇ ಕರಗಿಸಬಹುದು. ಈಗ ಡಿಸಿಗೆಂದೇ ಮಾಡಿದ 63 ಆಂಪಿಯರ್ ಬ್ರೇಕರ್ ಇದೆ, ಬ್ಯಾಟರಿ ಪ್ಲಸ್‌ನ ಪಕ್ಕದಲ್ಲೇ ಒಂದು ಫ್ಯೂಸೂ ಇದೆ. ಕನೆಕ್ಟರ್ ಹಾಕುವಾಗ ಚಟ್ ಅಂತ ಬರುತ್ತಿದ್ದ ಕಿಡಿಯೂ ಹೋಯಿತು, ಒಳಗೆ ಚಿಕ್ಕ ರೆಸಿಸ್ಟರ್ ಇರುವ ಕನೆಕ್ಟರ್ ಹಾಕಿದ್ದಾರೆ.

ಓಡಿಸಿದಾಗ ಏನು ವ್ಯತ್ಯಾಸ? ಎಲ್ಲರೂ ಮೊದಲು ಕೇಳುವುದು ಎವರೇಜ್. ಬ್ಯಾಟರಿ ಈಗ ಎರಡೂವರೆ ಯೂನಿಟ್ ಹಿಡಿಯುತ್ತದೆ, ಪೆಟ್ಟಿಗೆ ಸೇರಿ 26 ಕಿಲೋ. ಸಮ ದಾರಿಯಲ್ಲಿ ಒಬ್ಬನೇ ಕೂತರೆ ಕಿ.ಮೀ.ಗೆ 32ರಿಂದ 36 ವ್ಯಾಟ್-ಅವರ್ (ಸಾವಿರ ಸೇರಿದರೆ ಒಂದು ಯೂನಿಟ್) ಖರ್ಚು, ತೂಕ ಹೇರಿದರೆ 45 ದಾಟುತ್ತದೆ. ಲೆಕ್ಕಕ್ಕೆ 50, 60 ಕಿ.ಮೀ. ಹಿಡಿಯಿರಿ. ಆದರೆ ನನಗೆ ದೊಡ್ಡದು ಅನ್ನಿಸಿದ್ದು ಅದಲ್ಲ. ಅದೇ ಏರು, ಅದೇ ಎರಡು ಗೊನೆ, ಮೀಟರ್ ಈಗ 51ರ ಕೆಳಗೆ ಹೆಚ್ಚು ಇಳಿಯುವುದಿಲ್ಲ. 45 ಆಂಪಿಯರ್ ಎಳೆಯುವಾಗ 43 ವೋಲ್ಟ್ ಇದ್ದರೆ ಮೋಟರಿಗೆ ಹೋಗುವುದು 1935 ವ್ಯಾಟ್, 51 ಇದ್ದರೆ 2295. ಮೋಟರ್, ಕಂಟ್ರೋಲರ್ ಮುಟ್ಟದೆಯೇ ಇಷ್ಟು ಜಾಸ್ತಿ ಬಲ ಬಂತು. ಬೆಳಿಗ್ಗೆ ಎಷ್ಟು ದಮ್ ಇರುತ್ತದೋ ಸಂಜೆಯೂ ಅಷ್ಟೇ. 14 ಕಿಲೋ ಇಳಿದದ್ದರಿಂದ, ಬಿತ್ತನೆಗೆ ಮಾಡಿದ ಮೆತ್ತನೆ ಎರೆ ಹೊಲದ ಅಂಚಿನಲ್ಲಿ ಹ್ಯಾಂಡಲ್ ತಿರುಗಿಸುವುದೂ ಹಗುರ.

ಒಂದು ವಿಷಯ ಹೊಸದಾಗಿ ಕಲಿಯಬೇಕು. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಇದರಲ್ಲಿ ಹೇಳಲು ಬರುವುದಿಲ್ಲ. ಎಲ್‌ಎಫ್‌ಪಿ 90 ಪರ್ಸೆಂಟಿನಿಂದ 20ರವರೆಗೆ ಹೆಚ್ಚು ಕಡಿಮೆ ಒಂದೇ ವೋಲ್ಟೇಜ್ ತೋರಿಸಿ, ಕೊನೆಗೆ ಧಡಕ್ಕನೆ ಇಳಿಯುತ್ತದೆ. ಹಳೆಯ ನಾಲ್ಕು ಕಡ್ಡಿಯ ಮೀಟರ್ ಇದಕ್ಕೆ ಕೆಲಸಕ್ಕೆ ಬಾರದು. ಹೋದ ಕರೆಂಟು, ಬಂದ ಕರೆಂಟು ಎಣಿಸುವ ಶಂಟ್ ಮೀಟರ್ ಬೇಕೇ ಬೇಕು. ಅದನ್ನು ಹ್ಯಾಂಡಲ್ ಮೇಲೆ ಕೂರಿಸಿಕೊಟ್ಟಿದ್ದಾರೆ.

ಚಾರ್ಜರ್ ಹೊಸದು, 58.4 ವೋಲ್ಟ್ 10 ಆಂಪಿಯರ್. ಸೀಸದ ಚಾರ್ಜರ್ ಬಳಸಬೇಡಿ ಅಂತ ಬರೆದೇ ಕೊಟ್ಟರು. ಪೂರ್ತಿ ತುಂಬಲು ಸುಮಾರು ಐದು ತಾಸು, ಗೋಡೆಯಿಂದ ಮೂರು ಯೂನಿಟ್ ಹತ್ತಿರ. ನಮ್ಮ ಮನೆ ಮೀಟರ್ ಗೃಹಜ್ಯೋತಿಯಲ್ಲಿದೆ. ಆ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಗಿದ್ದೇ ನಮ್ಮ ಕಲಬುರಗಿಯಲ್ಲಿ. ಸಿಗುವ ಯೂನಿಟ್ ಒಳಗೇ ಮುಗಿಯುತ್ತದೆ. ಚಾರ್ಜ್ ಮಾಡುವುದು ಅಂಗಳದ ಶಹಾಬಾದ್ ಪರ್ಸಿ ಹಾಸಿದ ಕಟ್ಟೆ ಮೇಲೆ, ಕಣಿಕೆ ಬಣವೆಯಿಂದ ದೂರ, ಮಲಗುವ ಕೋಣೆಯಿಂದಲೂ ದೂರ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಲ್ಲಿ ನಿಂತರೆ ಪೆಟ್ಟಿಗೆಯ ಒಳಗೆ 47 ಡಿಗ್ರಿ ತೋರಿಸಿದ್ದೂ ಇದೆ. ಆ ಹೊತ್ತಿನಲ್ಲಿ ಚಾರ್ಜ್ ಹಾಕುವುದಿಲ್ಲ. ನಸುಕಿನಲ್ಲಿ ಹಾಕಿದರೆ ಹೊಲಕ್ಕೆ ಹೋಗುವ ಹೊತ್ತಿಗೆ ರೆಡಿ.

ಖರ್ಚು ಹೇಳುತ್ತೇನೆ. ಸೆಲ್‌ಗಳಿಗೆ 28 ಸಾವಿರ, ಬಿಎಂಎಸ್ ಐದೂವರೆ, ಚಾರ್ಜರ್ ನಾಲ್ಕೂವರೆ, ಪೆಟ್ಟಿಗೆ, ವೈರು, ಬ್ರೇಕರ್, ಮೀಟರ್, ಕೂಲಿ ಎಲ್ಲ ಸೇರಿ ಇನ್ನೂ ಎಂಟು. ಒಟ್ಟು 46 ಸಾವಿರ. ಸೀಸದ ನಾಲ್ಕು ಬ್ಯಾಟರಿ 14 ಸಾವಿರಕ್ಕೆ ಬರುತ್ತಿದ್ದವು, ಆದರೆ ಒಂದೂವರೆ, ಎರಡು ವರ್ಷಕ್ಕೊಮ್ಮೆ ಮತ್ತೆ ಕೊಳ್ಳಬೇಕಿತ್ತು. ಹಳೆಯವನ್ನು ಬ್ಯಾಟರಿ ಅಂಗಡಿಗೆ ವಾಪಸ್ ಕೊಟ್ಟೆ, ತೂಕಕ್ಕೆ ದುಡ್ಡು ಕೊಟ್ಟರು. ಗುಜರಿಯವರ ಕೈಗೆ ಕೊಟ್ಟರೆ ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಸೀಸ ತೆಗೆಯುತ್ತಾರೆ, ಹಾಗೆ ಮಾಡಬೇಡಿ.

ವರ್ಕ್‌ಶಾಪಿನಲ್ಲಿ ಕೊರತೆಯೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ. ಇ-ರಿಕ್ಷಾದವರ ಕೆಲಸ ನಡುವೆ ಬಂದರೆ ನಮ್ಮದು ಹಿಂದೆ ಹೋಗುತ್ತದೆ, ಅವರಿಗೆ ಅದು ದಿನದ ದುಡಿಮೆ ಅನ್ನೋದು ನನಗೂ ಅರ್ಥವಾಗುತ್ತದೆ. ಆದರೆ ಒಂದು ಫೋನ್ ಮಾಡಿ ಹೇಳಿದ್ದರೆ ನಾನು ಟಂಟಂ ಬಾಡಿಗೆ ಕೊಟ್ಟು ಸುಮ್ನೆ ಬಂದು ಹೋಗುವುದು ತಪ್ಪುತ್ತಿತ್ತು. ಮೊದಲು ಕೊಟ್ಟ ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರಲಿಲ್ಲ, ಒಂದೇ ಮಳೆಗೆ ಒಳಗೆ ತೇವ ಕಂಡಿತು. ವಾಪಸ್ ಒಯ್ದಾಗ ಭಾಯ್ ಒಂದು ಮಾತೂ ಆಡದೆ ಪಟ್ಟಿ ಹಾಕಿ, ವೈರ್ ಬರುವ ತೂತಿಗೆ ಗ್ಲ್ಯಾಂಡ್ ಹಾಕಿ, ಕೆಳಗೆ ನೀರು ಇಳಿಯಲು ದಾರಿ ಮಾಡಿ ಕೊಟ್ಟರು. ದುಡ್ಡು ಕೇಳಲಿಲ್ಲ. ವೈರಿಂಗ್ ನಕ್ಷೆ ಮಾತ್ರ ಇನ್ನೂ ಕೊಟ್ಟಿಲ್ಲ. ನಾಳೆ ಬೇರೆ ಯಾರಾದರೂ ಪೆಟ್ಟಿಗೆ ಬಿಚ್ಚಬೇಕಾದರೆ ಅದು ಬೇಕು. ಕೇಳುತ್ತಲೇ ಇದ್ದೇನೆ.

ವರ್ಕ್‌ಶಾಪಿನ ಹೆಸರು ಇಲ್ಲಿ ಹಾಕಿಲ್ಲ, ಈಗಿರುವ ಕೆಲಸವೇ ಇಬ್ಬರಿಗೆ ಜಾಸ್ತಿ ಅಂತ ಅವರೇ ಬೇಡ ಅಂದರು. ಕಪನೂರಿಗೆ ಹೋಗಿ ಇ-ರಿಕ್ಷಾ ಬ್ಯಾಟರಿ ಕಟ್ಟುವವರು ಎಲ್ಲಿ ಅಂದರೆ ತೋರಿಸುತ್ತಾರೆ. ಹನ್ನೊಂದು ಗಂಟೆ ಮೇಲೆ ಹೋಗಿ, ಶುಕ್ರವಾರ ಮಧ್ಯಾಹ್ನ ಬಂದ್ ಇರುತ್ತದೆ. ಕಂಟ್ರೋಲರ್ ಲೇಬಲ್‌ನ ಫೋಟೊ, ಬ್ಯಾಟರಿ ಇಡುವ ಜಾಗದ ಉದ್ದ ಅಗಲ ಎತ್ತರ ಬರೆದುಕೊಂಡು ಹೋದರೆ ಗಾಡಿ ಒಯ್ಯುವ ಮುಂಚೆಯೇ ರೇಟು ಹೇಳುತ್ತಾರೆ. ಸೆಲ್ ನೀವೇ ಒಯ್ದರೆ ಮೊದಲು ಪರೀಕ್ಷೆಗೆ ಹಾಕುತ್ತಾರೆ, ಅದಕ್ಕೆ ಒಂದು ದಿನ ಬಿಟ್ಟುಕೊಡಿ.